ಮಡಿ ಬಿಟ್ಟ ಕುಂಚ

ನಮ್ಮನೆ ಅಟ್ಟದ ಮೇಲೆ 73 ಜೋಗ ಜಲಪಾತಗಳಿವೆ. ಎಣಿಸಿದ್ದು ನಾನಲ್ಲ, ನಮ್ಮನೆಯವರು. ಸಹಕಾರ ಸಂಘದಲ್ಲಿ ಮೂವತ್ತು ವರ್ಷ ಖಾತೆ ಬರೆದು ನಿವೃತ್ತರಾದ ಮೇಲೆ ಅವರಿಗೆ ಲೆಕ್ಕ ಹಾಕಲು ಉಳಿದಿರುವುದು ಹೆಂಡತಿಯ ಚಟ ಒಂದೇ. ಮಳೆ ಹಿಡಿಯುವ ಮುಂಚೆ ಅಟ್ಟ ಗುಡಿಸುತ್ತೇನೆಂದು ಹತ್ತಿದವರು ಅಲ್ಲಿಂದಲೇ ಕೂಗಿದರು: “ಏ ಮಾರಾಯ್ತಿ, ಬೇಸಿಗೇಲಿ ಒಂದು ಜೋಗಕ್ಕೇ ನೀರಿಲ್ಲ. ನೀನು 73 ಕಟ್ಟಿಟ್ಟಿದ್ದೀಯಲ್ಲ, ಇಷ್ಟಕ್ಕೂ ನೀರು ಎಲ್ಲಿಂದ ತರ್ತೀಯ?”

ತಕರಾರು ನೀರಿನದ್ದೇ, ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಅಷ್ಟೂ ಚಿತ್ರ ಜಲವರ್ಣ. ಅಷ್ಟರಲ್ಲೂ ಬಂಡೆ ಚೆನ್ನಾಗಿದೆ, ಕಾಡು ಪರವಾಗಿಲ್ಲ, ಮೋಡ ಮೋಡದ ಹಾಗೇ ಇದೆ, ನೀರೊಂದು ಇಲ್ಲ. ಸಾಗರದಲ್ಲಿ ಹುಟ್ಟಿ, ಸಾಗರದಲ್ಲೇ ಮದುವೆಯಾಗಿ, ಬಂದ ನೆಂಟರನ್ನೆಲ್ಲ ಜೋಗಕ್ಕೆ ಕರೆದೊಯ್ದು “253 ಮೀಟರ್” ಎಂದು ನಿದ್ದೆಯಲ್ಲೂ ಹೇಳಬಲ್ಲವಳು ನಾನು. ಆದರೂ ರಾಜಾ, ರಾಣಿ, ರೋರರ್, ರಾಕೆಟ್ ಈ ನಾಲ್ವರಲ್ಲಿ ಒಬ್ಬರನ್ನಾದರೂ ಕಾಗದದ ಮೇಲೆ ಇಳಿಸಲು ಇಪ್ಪತ್ತು ವರ್ಷದಲ್ಲಿ ನನ್ನಿಂದ ಆಗಿಲ್ಲ.

ಕಾರಣ ಇಷ್ಟೇ. ಜಲವರ್ಣದಲ್ಲಿ ಬಿಳಿ ಅಂದರೆ ಕಾಗದ. ಬಣ್ಣದ ಪುಡಿಯನ್ನು ಜಾಲಿ ಜಾತಿಯ ಮರದ ಅಂಟಿನಲ್ಲಿ ಅರೆದು ಮಾಡಿದ್ದು ಆ ಬಣ್ಣ. ನೀರಲ್ಲಿ ಕದಡಿ ತೆಳ್ಳಗೆ ಎಳೆದರೆ ಕಾಗದದ ಬಿಳಿ ಅದರೊಳಗಿಂದ ಹೊಳೆಯುತ್ತದೆ. ಹಾಗಾಗಿ ಜಲಪಾತ ಬರೆಯುವುದು ಎಂದರೆ ಜಲಪಾತವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಬರೆಯುವುದು. ಸುತ್ತ ಬಂಡೆ ಬರಿ, ಕಾಡು ಬರಿ, ನೀರಿರುವ ಜಾಗಕ್ಕೆ ಕೈ ಹಚ್ಚಬೇಡ. ಕೇಳಲು ಸುಲಭ. ಮದುವೆಮನೆಗೆ ಹೋಗಿ ಬೇರೆಯವರ ಸಂಸಾರದ ಮಾತು ಆಡಬೇಡ ಅಂದಷ್ಟೇ ಸುಲಭ. ನನ್ನ ಕೈಯೋ, ಬಿಳಿ ಕಂಡರೆ ತುರಿಸುವ ಕೈ. ಒಂದಿಷ್ಟು ನೆರಳು, ಒಂದಿಷ್ಟು ನೀಲಿ, ಇನ್ನೊಂದೇ ಒಂದು ಗೆರೆ ಎನ್ನುತ್ತ ಹೋಗಿ ಕೊನೆಗೆ ರಾಜನ ಜಾಗದಲ್ಲಿ ಒದ್ದೆ ಸಿಮೆಂಟಿನ ಪಟ್ಟಿ.

ಬಿಳಿ ಬಣ್ಣದ ಟ್ಯೂಬ್ ಪೆಟ್ಟಿಗೆಯಲ್ಲಿ ಇರಲಿಲ್ಲವೇ ಎಂದು ಕೇಳಬಹುದು. ಇತ್ತು. ಮುಟ್ಟುವ ಹಾಗಿರಲಿಲ್ಲ. ಜಲವರ್ಣದವರ ಮಡಿಯನ್ನು ನೀವು ಕಂಡಿಲ್ಲ. ಮಡಿ ಸೀರೆಯನ್ನು ಕೋಲಿನಿಂದ ಎತ್ತಿ ಗಳುವಿಗೆ ಹಾಕುತ್ತಿದ್ದ ನಮ್ಮಜ್ಜಿಯೂ ಇವರ ಮುಂದೆ ಸಪ್ಪೆ. ಬಿಳಿ ಮುಟ್ಟಿದರೆ ಮಿಂದು ಬರಬೇಕು. ಕಪ್ಪನ್ನು ಟ್ಯೂಬಿನಿಂದ ಹಿಂಡಿದರೆ ಪಂಕ್ತಿಯಿಂದ ಎಬ್ಬಿಸುತ್ತಾರೆ. ಕಡುನೀಲಿಗೆ ಕೆಂಗಂದು ಬೆರೆಸಿ ನಾವೇ ಕಪ್ಪು ಕಾಯಿಸಿಕೊಳ್ಳಬೇಕು. ಕಾಗದ 300 ಜಿಎಸ್‌ಎಂನದ್ದು, ಪೂರ್ತಿ ಹತ್ತಿಯದ್ದು ಆಗಬೇಕು. ಇಷ್ಟು ಮಡಿ ಮಾಡುವವರಿಗೆ ನಾನು ಒಂದು ಮೊಲ ತೋರಿಸುತ್ತಿದ್ದೆ. 1502ರಲ್ಲಿ ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ ಬರೆದದ್ದು, ಈಗ ವಿಯೆನ್ನಾದ ಆಲ್ಬರ್ಟಿನಾ ಸಂಗ್ರಹಾಲಯದಲ್ಲಿದೆ. ಮುಟ್ಟಿದರೆ ಕುಪ್ಪಳಿಸುತ್ತದೆ ಅನ್ನಿಸುವ ಆ ಮೊಲಕ್ಕೆ ಮಹಾರಾಯ ಧಾರಾಳವಾಗಿ ಬಿಳಿ ಹಚ್ಚಿದ್ದಾನೆ. ಐನೂರು ವರ್ಷದಿಂದ ಮೊಲಕ್ಕೆ ಯಾವ ಮೈಲಿಗೆಯೂ ತಟ್ಟಿಲ್ಲ. “ಅದು ಡ್ಯೂರರ್, ನೀವು ಡ್ಯೂರರ್ ಅಲ್ಲ” ಎಂದು ನಮ್ಮ ಕಲಾ ಶಿಬಿರದ ಗುರುಗಳು ಒಂದೇ ಮಾತಿನಲ್ಲಿ ಮೊಲವನ್ನೂ ನನ್ನನ್ನೂ ಓಡಿಸಿದರು.

ಬಿಳಿ ಕಾಯುವುದಕ್ಕೆ ಮಡಿಯವರೇ ಒಪ್ಪಿದ ಒಂದು ಉಪಾಯ ಉಂಟು, ಮಾಸ್ಕಿಂಗ್ ಫ್ಲೂಯಿಡ್. ರಬ್ಬರಿನ ಹಾಲು ಅದು, ಮೂಗು ಕಟ್ಟುವ ವಾಸನೆ. ನೀರಿನ ಜಾಗಕ್ಕೆ ಬಳಿದು, ಒಣಗಿಸಿ, ಅದರ ಮೇಲೆ ನಿರ್ಭಯವಾಗಿ ಬಣ್ಣ ಹಚ್ಚಿ, ಕೊನೆಗೆ ಬೆರಳಿನಿಂದ ಉಜ್ಜಿ ಎಬ್ಬಿಸಬೇಕು. ನಾನು ಎಬ್ಬಿಸುವಾಗ ರಾಣಿಯ ಜತೆ ಕಾಗದದ ಚರ್ಮವೂ ಸುಲಿದು ಬಂತು. ಅದು ಅಟ್ಟದಲ್ಲಿ 41ನೆಯದು.

ಇನ್ನು ನಮ್ಮ ಕಡೆಯ ಮಳೆ. ಆಷಾಢದಲ್ಲಿ ಸಾಗರದಲ್ಲಿ ಹಪ್ಪಳ ಒಣಗುವುದಿಲ್ಲ, ಬಟ್ಟೆ ಒಣಗುವುದಿಲ್ಲ, ನನ್ನ ಆಕಾಶ ಒಣಗೀತೇ? ಬೆಳಿಗ್ಗೆ ತಿಂಡಿಯಾದ ಮೇಲೆ ಹಾಕಿದ ತೆಳು ಬಣ್ಣ ಸಂಜೆ ದೀಪ ಹಚ್ಚುವ ಹೊತ್ತಿಗೂ ಬೆರಳಿಗೆ ಅಂಟುತ್ತದೆ. ತಾಳ್ಮೆ ಕೆಟ್ಟು ಅರೆ ಒಣಗಿದ ಬಣ್ಣಕ್ಕೆ ಕುಂಚ ತಾಗಿಸಿದಿರೋ, ನೀರು ಅಂಚು ಕೊರೆದುಕೊಂಡು ಗುಪ್ಪೆಯಾಗಿ ಹರಡುತ್ತದೆ. ಇದಕ್ಕೆ ಚಿತ್ರಗಾರರ ಬಾಯಲ್ಲಿ ಹೂಕೋಸು ಎಂದೇ ಹೆಸರು. ನನ್ನ ಮಳೆಗಾಲದ ಆಕಾಶಗಳಲ್ಲಿ ಸಂತೆಗೆ ಸಾಕಾಗುವಷ್ಟು ಹೂಕೋಸು ಬೆಳೆದಿದೆ. ಒಮ್ಮೆ ಉಪಾಯ ಮಾಡಿ ಒದ್ದೆ ಚಿತ್ರವನ್ನು ಬಟ್ಟೆಗಳ ಜತೆ ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ನೇತುಹಾಕಿದೆ. ಹೊಗೆ ಕುಡಿದ ಆ ಆಕಾಶವನ್ನು ನೋಡಿ ಶಿರಸಿಯ ನೆಂಟರೊಬ್ಬರು “ಮೋಡ ಎಷ್ಟು ಸಹಜವಾಗಿ ಬಂದಿದೆ” ಎಂದು ಹೊಗಳಿದರು. ನಾನು ತಲೆ ತಗ್ಗಿಸಿ ಹೊಗಳಿಕೆ ಸ್ವೀಕರಿಸಿದೆ. ಖಾಲಿ ಕಾಗದವೂ ಮಳೆಗಾಲ ಕಳೆಯುವುದು ಕಷ್ಟ. ನೀರು ಹೀರದಿರಲೆಂದು ಅದಕ್ಕೆ ಹಾಕಿದ ಸರೇಸಿಗೆ ಬೂಷ್ಟು ಹಿಡಿದರೆ ಮುಗಿಯಿತು, ಹಚ್ಚಿದ ಬಣ್ಣ ಒತ್ತುಕಾಗದಕ್ಕೆ ಬಿದ್ದ ಶಾಯಿಯ ಹಾಗೆ ಇಂಗಿ ಮಾಯ. ಮಗಳು ಒಮ್ಮೆ ಜೇನು ಬೆರೆಸಿದ ಪರದೇಶದ ಬಣ್ಣ ತಂದುಕೊಟ್ಟಳು. ಒಳ್ಳೆ ಬಣ್ಣವೇ. ಬೆಳಿಗ್ಗೆ ಎದ್ದು ನೋಡಿದರೆ ಹಳದಿಯ ಗುಳಿಗೆ ಇರುವೆ ಸಾಲು.

ಮತ್ತೆ ಯಾಕೆ ಇಪ್ಪತ್ತು ವರ್ಷ ಅದನ್ನೇ ಹಿಡಿದುಕೊಂಡಿದ್ದೆ? ಕೆ. ವೆಂಕಟಪ್ಪನವರಿಂದಾಗಿ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನದ್ದೇ ಗ್ಯಾಲರಿಯಲ್ಲಿ ಒಮ್ಮೆ ಅವರ ಊಟಿಯ ಚಿತ್ರಗಳನ್ನು ನೋಡಿದ್ದೆ. 1886ರಿಂದ 1965ರವರೆಗೆ ಬದುಕಿದ, ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು ಬಂದ ಆ ಮನುಷ್ಯ ಮಂಜನ್ನು ನೀರಿನಲ್ಲೇ ಬರೆದಿದ್ದರು. ಬೆಟ್ಟ ಎಲ್ಲಿ ಮುಗಿಯಿತು, ಮಂಜು ಎಲ್ಲಿ ಶುರುವಾಯಿತು, ನಾನು ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ಹುಡುಕಿದೆ. ಸಿಗಲಿಲ್ಲ. ಅಂಥದ್ದನ್ನು ನೋಡಿದ ಮೇಲೆ ಮನೆಗೆ ಬಂದು ಹೂಕೋಸು ಬೆಳೆಯುವವಳಿಗೆ ಎರಡೇ ದಾರಿ: ಬಿಡುವುದು, ಇಲ್ಲವೇ 73 ಮಾಡುವುದು.

ಮತಾಂತರ ಆದದ್ದು ಹೋದ ಜನವರಿಯಲ್ಲಿ. ಮಗಳು ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಕರೆದೊಯ್ದಳು. ರಸ್ತೆಯುದ್ದಕ್ಕೂ ಬುದ್ಧ, ರಸ್ತೆಯುದ್ದಕ್ಕೂ ಗಣಪತಿ, ನಡುನಡುವೆ ಒಬ್ಬೊಬ್ಬ ನಿಜವಾದ ಚಿತ್ರಗಾರ. ಅಲ್ಲೊಬ್ಬ ಹುಡುಗ ರಸ್ತೆ ಬದಿಯಲ್ಲೇ ಕುಳಿತು ಕಪ್ಪು ಕ್ಯಾನ್ವಾಸಿನ ಮೇಲೆ ಬಿಳಿ ಹಚ್ಚುತ್ತಿದ್ದ. ಕಪ್ಪಿನ ಮೇಲೆ ಬಿಳಿ! ನೋಡನೋಡುತ್ತ ಅಲೆ ಎದ್ದಿತು, ನೊರೆ ಚಿಮ್ಮಿತು. ಅವನ ಮುಖದಲ್ಲಿ ಪಾಪಪ್ರಜ್ಞೆಯ ಸುಳಿವೂ ಇರಲಿಲ್ಲ. ನಾನು ಬಾಯಿ ಬಿಟ್ಟುಕೊಂಡು ನಿಂತದ್ದು ಕಂಡು ಮಗಳು ಅಂದಳು: “ಅಮ್ಮಾ, ಅಕ್ರಿಲಿಕ್ ಹಿಡಿ. ತಪ್ಪಾದ್ರೆ ಮೇಲೆ ಬಳಿದ್ರಾಯ್ತು.” ಈಗ ಅನ್ನಿಸುತ್ತದೆ, ಮದುವೆಯ ದಲ್ಲಾಳಿಗಳೂ ಇದಕ್ಕಿಂತ ಎಚ್ಚರದಿಂದ ಮಾತಾಡುತ್ತಾರೆ.

ಅಕ್ರಿಲಿಕ್ ಎಂದರೆ ಬಣ್ಣದ ಪುಡಿಯ ಜತೆ ಪ್ಲಾಸ್ಟಿಕ್ಕಿನ ಸಣ್ಣ ಕಣಗಳು ನೀರಲ್ಲಿ ತೇಲುತ್ತಿರುತ್ತವೆ, ಮಜ್ಜಿಗೆಯಲ್ಲಿ ಬೆಣ್ಣೆ ತೇಲಿದ ಹಾಗೆ. ನೀರು ಆರಿದ್ದೇ ತಡ, ಒಂದಕ್ಕೊಂದು ಕೂಡಿಕೊಂಡು ಪೊರೆ ಕಟ್ಟುತ್ತವೆ. ಆಮೇಲೆ ಎಷ್ಟು ನೀರು ಸುರಿದರೂ ಕರಗುವುದಿಲ್ಲ. ಮೊಸರಾದದ್ದು ಮತ್ತೆ ಹಾಲಾಗುವುದುಂಟೇ? ಇದು ಚಿತ್ರಗಾರರ ಕೈಗೆ ನೀರಿನಲ್ಲಿ ಕಲಸುವ ರೂಪದಲ್ಲಿ ಬಂದದ್ದು 1955ರಲ್ಲಿ, ಅಮೆರಿಕದ ಸಿನ್ಸಿನಾಟಿಯ ಹೆನ್ರಿ ಲೆವಿಸನ್ ಎಂಬವರ ಲಿಕ್ವಿಟೆಕ್ಸ್ ಮೂಲಕ. ನನಗಿಂತ ಕೆಲವೇ ವರ್ಷ ದೊಡ್ಡದು. ಡ್ಯೂರರನ ಮೊಲದ ಮುಂದೆ ನಿನ್ನೆ ಮೊನ್ನೆ ಕಾಲಿಟ್ಟ ಸೊಸೆ, ಆದರೆ ಗತ್ತು ಅತ್ತೆಯದ್ದು.

ಮೊದಲ ದಿನವೇ ಅದು ತಿಳಿಯಿತು. ಜಲವರ್ಣ ಒಣಗಿದರೆ ತೆಳುವಾಗುತ್ತದೆ. ಹಾಗಾಗಿ ಇಪ್ಪತ್ತು ವರ್ಷದಿಂದ ನನ್ನ ಕೈ ಬೇಕಾದದ್ದಕ್ಕಿಂತ ಒಂದು ಹಿಡಿ ಗಾಢವಾಗಿಯೇ ಹಚ್ಚಲು ಪಳಗಿದೆ, ಸಾರಿಗೆ ಉಪ್ಪು ಹಾಕುವ ಕೈಯ ಹಾಗೆ. ಅಕ್ರಿಲಿಕ್ಕಿನ ನಡೆ ತಿರುವುಮುರುವು. ಒದ್ದೆ ಇರುವಾಗ ಅದರ ಅಂಟು ಹಾಲಿನ ಹಾಗೆ ಬೆಳ್ಳಗಿರುತ್ತದೆ, ಒಣಗಿದ ಮೇಲೆ ಗಾಜಾಗುತ್ತದೆ. ಆಗ ಬಣ್ಣ ಇನ್ನೂ ಗಾಢವಾಗಿ ಕೂರುತ್ತದೆ. ಹಳೆ ಕೈ, ಹೊಸ ಬಣ್ಣ, ಎರಡೂ ಒಂದೇ ಕಡೆಗೆ ಜಗ್ಗಿದವು. ಸಂಜೆ ನಾಲ್ಕರ ಬಿಸಿಲಿನ ಅಡಿಕೆ ತೋಟ ಬರೆದು ಕಾಫಿ ಕುಡಿದು ಬರುವಷ್ಟರಲ್ಲಿ ತೋಟದಲ್ಲಿ ರಾತ್ರಿ ಹನ್ನೊಂದಾಗಿತ್ತು. ನಮ್ಮನೆಯವರು ಕನ್ನಡಕ ಸರಿಮಾಡಿಕೊಂಡು ನೋಡಿ, “ಕರೆಂಟ್ ಹೋಗಿದೆ ಅಂತ ತೋರಿಸಿದ್ದಾ?” ಎಂದರು.

ಎರಡನೆಯ ದಿನ ಸಾವಿನ ಮನೆ. ಜಲವರ್ಣದ ಶಾಸ್ತ್ರದಲ್ಲಿ ಕುಂಚವನ್ನು ನೀರಲ್ಲಿ ನಿಲ್ಲಿಸಿಡುವುದು ಮಹಾಪಾಪ, ತುದಿ ಬಾಗುತ್ತದೆ. ಆದ್ದರಿಂದ ನಾನು ಬಣ್ಣ ಹಚ್ಚಿದ ಅಳಿಲು ಕೂದಲಿನ ಕುಂಚವನ್ನು ಭಕ್ತಿಯಿಂದ ತಟ್ಟೆಯ ಅಂಚಿಗೆ ಮಲಗಿಸಿ ಫೋನ್ ಎತ್ತಿಕೊಳ್ಳಲು ಹೋದೆ. ತಂಗಿಯ ಫೋನು. ತಂಗಿ ಫೋನು ಮಾಡಿದರೆ ಎಷ್ಟು ಹೊತ್ತು ಅಂತ ನಿಮಗೂ ಗೊತ್ತು. ತೆಳ್ಳಗೆ ಹಚ್ಚಿದ ಅಕ್ರಿಲಿಕ್ ಹತ್ತು ಇಪ್ಪತ್ತು ನಿಮಿಷಕ್ಕೆ ಒಣಗುತ್ತದೆ, ಮಾರ್ಚಿನ ಬಿಸಿಲಲ್ಲಿ ಅಷ್ಟೂ ಬೇಡ. ಬಂದು ನೋಡಿದರೆ ನನ್ನ ಕುಂಚ ಸೆಟೆದು ಹಲ್ಲುಕಡ್ಡಿಯಾಗಿತ್ತು. ಬಿಸಿನೀರು, ಸೋಪು, ಉಜ್ಜಾಟ, ಏನೂ ನಡೆಯಲಿಲ್ಲ.

ಜಗಲಿಯಲ್ಲಿ ಅದನ್ನು ಹಿಡಿದುಕೊಂಡು ಕೂತಿದ್ದಾಗ ಬಂದವರು ನಮ್ಮ ಕೆಳಗಿನ ಕೇರಿಯ ಅಕ್ಕ. ದೀವರ ಮನೆಯವರು, ಮದುವೆಗೆ ಹಸೆ ಚಿತ್ತಾರ ಬರೆಯುವುದರಲ್ಲಿ ಸುತ್ತಲ ಹಳ್ಳಿಗೆಲ್ಲ ಹೆಸರಾದ ಕೈ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಅರೆದ ಬಿಳಿ, ಅಕ್ಕಿ ಸುಟ್ಟ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚ ಅಂದರೆ ಪುಂಡಿ ನಾರು. “ಎಂಥ ತಂಗಿ, ನಾಕು ಕೂದಲಿಗೆ ಇಷ್ಟು ದುಃಖವಾ? ಇನ್ನೊಂದು ನಾರು ಜಜ್ಜಿದ್ರೆ ಮುಗೀತು” ಅಂದರು. ಅಂಗಡಿಯಲ್ಲಿ ಆ ಕುಂಚಕ್ಕೆ ನಾನು ಕೊಟ್ಟ ಬೆಲೆ ಹೇಳಲು ನಾಲಿಗೆ ಬರಲಿಲ್ಲ. ಮಾತು ತಿರುಗಿಸಲು, “ಅಕ್ಕಾ, ನೀವು ಗೋಡೆ ಮೇಲೆ ಎಳೀವಾಗ ಗೆರೆ ತಪ್ಪಿದ್ರೆ ಏನು ಮಾಡ್ತೀರಿ?” ಎಂದು ಕೇಳಿದೆ. “ತಪ್ಪಿದ್ದು ಅಂತ ಯಾರಿಗೆ ಗೊತ್ತಾಗ್ತದೆ? ಅದಕ್ಕೊಂದು ಜೋಡಿ ಗೆರೆ ಎಳೆಯೂದು” ಎಂದು ಎಲೆಯಡಿಕೆ ಬಾಯಿಗೆ ಹಾಕಿಕೊಂಡರು. ನಮ್ಮ ಶಿಬಿರದಲ್ಲಿ ಇಷ್ಟು ಕಲಿಸಲು ಮೂರು ದಿನದ ಶುಲ್ಕ ತೆಗೆದುಕೊಂಡಿದ್ದರು, ಕಲಿಸಿಯೂ ಇರಲಿಲ್ಲ.

ಅಲ್ಲಿಂದ ಮುಂದೆ ಮನೆಯ ರೀತಿ ರಿವಾಜು ಬದಲಾಯಿತು. ನೈಲಾನ್ ಕುಂಚಗಳು ಬಂದವು. ಅವು ಸದಾ ನೀರಲ್ಲೇ, ಎಮ್ಮೆಗಳ ಹಾಗೆ. ಬಣ್ಣದ ಸೀರೆ ಎಂದು ಒಂದು ಹಳೆ ಹತ್ತಿ ಸೀರೆ ಬೇರೆ ತೆಗೆದಿಟ್ಟೆ, ಅದೂ ಒಳ್ಳೆಯದೊಂದರ ಸೆರಗಿಗೆ ಹಸಿರು ಹಚ್ಚಿಕೊಂಡಾದ ಮೇಲೆ. ಪ್ಯಾಲೆಟಿನ ಕಥೆ ಬೇರೆ. ಜಲವರ್ಣದ ಪ್ಯಾಲೆಟ್ ಆರು ತಿಂಗಳು ಮರೆತಿಟ್ಟರೂ ಒಂದು ಹನಿ ನೀರು ಕಂಡರೆ ಕಣ್ಣು ಬಿಡುತ್ತದೆ. ಇದು ಮಧ್ಯಾಹ್ನದ ನಿದ್ದೆಗೇ ಸಾಯುತ್ತದೆ. ಒಣಗಿದ್ದನ್ನು ಸ್ಟೀಲ್ ತಟ್ಟೆಯಿಂದ ಹಪ್ಪಳದ ಹಾಗೆ ಎಬ್ಬಿಸಿ ಬಿಸಾಡಬೇಕು. ಎಬ್ಬಿಸುವುದೇನೋ ಬಹಳ ಖುಷಿ, ಚಿತ್ರ ಬರೆಯುವುದಕ್ಕಿಂತ ಅದೇ ಹೆಚ್ಚು ಖುಷಿ ಕೊಟ್ಟ ದಿನಗಳಿವೆ. ಆದರೆ ಬೆಲೆ ಕೊಟ್ಟು ತಂದ ಹಪ್ಪಳ. ಕೊನೆಗೆ ಮುಚ್ಚಳ ಇರುವ ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿ, ಮೇಲೆ ಬೆಣ್ಣೆ ಕಾಗದ ಇಟ್ಟು, ಅದರ ಮೇಲೆ ಬಣ್ಣ ಹಿಂಡಿ, ಹಿಟ್ಟಿಗೆ ಮುಚ್ಚುವ ಹಾಗೆ ಮುಚ್ಚಿಡಲು ಕಲಿತೆ. ಬಣ್ಣ ನಾಲ್ಕು ದಿನ ಹಸಿಯಾಗಿರುತ್ತದೆ. ಆ ಡಬ್ಬಿ ಫ್ರಿಜ್ಜಿನಲ್ಲಿ ಮೆಂತ್ಯದ ಹಿಟ್ಟಿನ ಪಕ್ಕ ಕೂತದ್ದರ ಬಗ್ಗೆ ನಮ್ಮನೆಯಲ್ಲಿ ನಡೆದ ಚರ್ಚೆಯನ್ನು ಇಲ್ಲಿ ಬರೆಯುವುದಿಲ್ಲ.

ಇವೆಲ್ಲ ಸಹಿಸಬಹುದು ಮಾರಾಯ್ರೆ. ಸಹಿಸಲಾಗದ್ದು ಮಗಳ ಆ ಒಂದು ಮಾತು: ತಪ್ಪಾದ್ರೆ ಮೇಲೆ ಬಳಿದ್ರಾಯ್ತು. ಜಲವರ್ಣದಲ್ಲಿ ಚಿತ್ರ ಕೆಡುತ್ತದೆ, ಕೆಟ್ಟದ್ದು ಗೊತ್ತಾಗುತ್ತದೆ, ಅಟ್ಟಕ್ಕೆ ಹೋಗುತ್ತದೆ, ನಾನು ಅಡುಗೆಮನೆಗೆ ಹೋಗುತ್ತೇನೆ. ಒಟ್ಟು ಒಂದೂವರೆ ಗಂಟೆಯ ವ್ಯವಹಾರ. ಅಕ್ರಿಲಿಕ್ಕಿನಲ್ಲಿ ಕೆಡುವುದೇ ಇಲ್ಲ ಎಂದ ಮೇಲೆ ಮುಗಿಯುವುದು ಯಾವಾಗ? ಬಂಡೆ ಕಪ್ಪಾಯಿತೇ, ಬೆಳ್ಳಗೆ ಮಾಡು. ಬೆಳ್ಳಗಾದರೆ ಕಾಡು ಮಂಕಾಯಿತು, ಕಾಡು ಎಬ್ಬಿಸು. ಕಾಡೆದ್ದರೆ ಆಕಾಶ ಕುಸಿಯಿತು. ಅನ್ನಕ್ಕಿಟ್ಟು ಬಂದು ಒಂದು ಕೈ, ಕುಕ್ಕರ್ ಕೂಗಿದ ಮೇಲೆ ಇನ್ನೊಂದು ಕೈ, ರಾತ್ರಿ ಹಾಲು ಹೆಪ್ಪು ಹಾಕಿ ಮತ್ತೊಂದು. ತಿದ್ದಬಹುದು ಎನ್ನುವುದೇ ಒಂದು ಕಾಯಿಲೆ. ತಿದ್ದಲಾಗದ ಮದುವೆಗಳು ನಲವತ್ತು ವರ್ಷ ನಡೆಯುವುದರ ಗುಟ್ಟೂ ಇದೇ ಇರಬೇಕು ಎಂದೆ. ನಮ್ಮನೆಯವರು ಪೇಪರಿನಿಂದ ತಲೆ ಎತ್ತಲಿಲ್ಲ, ಆದರೆ ಪುಟವನ್ನೂ ತಿರುಗಿಸಲಿಲ್ಲ.

ಸಮಾಧಾನಕ್ಕೆಂದು ಮಗಳು ಇಂಗ್ಲೆಂಡಿನ ಡೇವಿಡ್ ಹಾಕ್ನಿಯ ಕಥೆ ಹೇಳಿದಳು. 1964ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋದವರು ಅಲ್ಲಿ ಅಕ್ರಿಲಿಕ್ ಹಿಡಿದರಂತೆ. 1967ರ ಅವರ ‘ಎ ಬಿಗ್ಗರ್ ಸ್ಪ್ಲ್ಯಾಶ್’ನಲ್ಲಿ ಈಜುಕೊಳಕ್ಕೆ ಯಾರೋ ಆಗತಾನೆ ಧುಮುಕಿದ್ದಾರೆ, ಆಸಾಮಿ ಕಾಣುವುದಿಲ್ಲ, ಎದ್ದ ನೀರು ಮಾತ್ರ ಬಿಳಿಯಾಗಿ ನಿಂತಿದೆ. ಎರಡು ಸೆಕೆಂಡಿನ ಆ ನೀರನ್ನು ಸಣ್ಣ ಸಣ್ಣ ಕುಂಚಗಳಲ್ಲಿ ಬರೆಯಲು ಅವರಿಗೆ ಹಿಡಿದದ್ದು ಎರಡು ವಾರ. ನನಗೆ ಆನೆಬಲ ಬಂತು. ಪಕ್ಕದಲ್ಲಿದ್ದ ಖಾತೆಯ ತಲೆ ಸುಮ್ಮನಿರಬೇಕಲ್ಲ. “ಸೆಕೆಂಡಿಗೆ ಒಂದು ವಾರ. ನೀನು ಮೊನ್ನೆ ಜೋಗದ ಮುಂದೆ ನಿಂತಿದ್ದು ಐದು ನಿಮಿಷ. ಅಂದ್ರೆ 300 ವಾರ. ಆರು ವರ್ಷಕ್ಕೆ ಸ್ವಲ್ಪ ಕಮ್ಮಿ. ಅಷ್ಟರೊಳಗೆ ಊಟಕ್ಕೆ ಕರೀತೀಯಾ?”

ಆರು ವರ್ಷ ಹಿಡಿಯಲಿಲ್ಲ, ಯಾಕೆಂದರೆ ಮೂರನೆಯ ತಿಂಗಳಿಗೆ ಜೋಗ ಬೇಸರ ಬಂತು. ಅದರ ಮೇಲೆ ಬಿಳಿ ಬಳಿದು ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ ಬರೆದೆ. ಗೋಡೆಗಳು ಹೊರಕ್ಕೆ ವಾಲಿದವು. ಅದರ ಮೇಲೆ ಅತ್ತಿಗೆಯ ಭಾವಚಿತ್ರ. ಅತ್ತಿಗೆ ಬಂದು ನೋಡಿ, “ನನ್ನ ಮೂಗು ಇಷ್ಟುದ್ದ ಉಂಟಾ?” ಎಂದು ಕೇಳಿದರು. ಉಂಟು. ಆದರೆ ಹೇಳುವ ಹಾಗಿಲ್ಲ. ಮೂಗು ತಿದ್ದಲು ಎಂಟು ದಿನ ಬಣ್ಣದ ಮೇಲೆ ಬಣ್ಣ ಹಾಕಿದೆ. ಸೋತು, ಅತ್ತಿಗೆಯನ್ನೇ ಮುಚ್ಚಿ ಅಪ್ಪೆಮಿಡಿಯ ಗೊಂಚಲು ಬರೆದೆ. ಅಕ್ರಿಲಿಕ್ ಬಣ್ಣವನ್ನು ಮುಚ್ಚುತ್ತದೆ, ಉಬ್ಬನ್ನು ಮುಚ್ಚುವುದಿಲ್ಲ ಎಂದು ಆಮೇಲೆ ತಿಳಿಯಿತು. ಸಂಜೆ ಓರೆ ಬಿಸಿಲು ಬಿದ್ದಾಗ ಮಿಡಿಗಳ ನಡುವೆ ಆ ಮೂಗು ದಿಬ್ಬದ ಹಾಗೆ ಏಳುತ್ತದೆ. ಅತ್ತಿಗೆ ಬಂದಾಗಲೆಲ್ಲ “ಈ ನಡುವಿನ ಮಿಡಿ ಒಂದು ಭಾರೀ ಸಹಜವಾಗಿ ಬಂದಿದೆ” ಎನ್ನುತ್ತಾರೆ. ನಮ್ಮನೆಯವರು ಒಂದು ದಿನ ಆ ಕ್ಯಾನ್ವಾಸನ್ನು ಅಡಿಕೆ ತಕ್ಕಡಿಗೆ ಹಾಕಿ ತೂಗಿದರು. ಎಷ್ಟು ಬಂತು ಎಂದು ನಾನು ಕೇಳಲಿಲ್ಲ. “ಇದನ್ನು ಮಾರೋದಾದ್ರೆ ಕ್ವಿಂಟಾಲ್ ಲೆಕ್ಕದಲ್ಲಿ ಮಾರು, ಲಾಭ ಉಂಟು” ಎಂಬ ಸಲಹೆ ಮಾತ್ರ ಕೇಳದೆಯೇ ಬಂತು.

ಮೊನ್ನೆ ಮೊದಲ ಮಳೆ ಬಿದ್ದ ವಾರ ಜೋಗಕ್ಕೆ ಹೋಗಿ ಬಂದೆವು. ಮರುದಿನ ಹೊಸ ಕ್ಯಾನ್ವಾಸ್ ತೆಗೆದು ಜೆಸ್ಸೊ ಬಳಿದೆ. ಏನಿಲ್ಲ, ಹಬ್ಬಕ್ಕೆ ಗೋಡೆಗೆ ಸುಣ್ಣ ಹೊಡೆದ ಹಾಗೆ ಕ್ಯಾನ್ವಾಸಿಗೊಂದು ಬಿಳಿ ಪದರ. ಈ ಸಲ ಬಂಡೆಯನ್ನು ನೀರು ನೀರು ಮಾಡಿ ಹಚ್ಚಿದೆ, ಕಾಡನ್ನು ಒಂದೇ ಉಸಿರಿಗೆ ಮುಗಿಸಿದೆ. ಹೊರಗೆ ಧೋ ಎಂದು ಸುರಿಯುತ್ತಿತ್ತು, ಬಣ್ಣ ಮಾತ್ರ ತನ್ನ ಪಾಡಿಗೆ ಒಣಗುತ್ತಿತ್ತು. ಹೊಸ ದೊಡ್ಡ ಬಿಳಿ ಟ್ಯೂಬನ್ನು ಬಲಗೈ ಹತ್ತಿರವೇ ಇಟ್ಟುಕೊಂಡಿದ್ದೆ. ಎಷ್ಟು ಹೊತ್ತಾಯಿತೋ, ಕಾಫಿ ಲೋಟ ಹಿಡಿದುಕೊಂಡು ಬಂದ ನಮ್ಮನೆಯವರು ಹಿಂದೆ ನಿಂತು ಬಹಳ ಹೊತ್ತು ನೋಡಿದರು.

“ಎಲ್ಲ ಕಡೆ ಹಚ್ಚಿದ್ದೀಯ, ನಡುವೆ ನಾಲ್ಕು ಪಟ್ಟಿ ಹಾಗೇ ಬಿಟ್ಟಿದ್ದೀಯಲ್ಲ. ಬಿಳಿ ಬಣ್ಣ ಖಾಲಿಯಾಯ್ತಾ?”

ಟ್ಯೂಬಿನ ಮುಚ್ಚಳವನ್ನೇ ನಾನಿನ್ನೂ ತೆಗೆದಿರಲಿಲ್ಲ. ಸೆರಗಿನಡಿ ಸರಿಸಿಕೊಂಡು, “ಹೂಂ ರೀ, ಆಯ್ತು” ಎಂದೆ.

ಅವರು ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಬರೆದುಕೊಂಡರು: ಬಿಳಿ, 1.